ಗೆಳೆಯನಿಗೊಂದು ಪತ್ರ: ಕತ್ತರಿ ಯಾರ ಕೈಯಲ್ಲಿದೆ?

ಗೆಳೆಯಾ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಉತ್ತರ ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನೀನು ಕೇಳಿದ್ದು ಎರಡೇ ಸಾಲು. "ಎಲ್ಲ ಜೀವಕೋಶದಲ್ಲೂ ಇರುವುದು ಒಂದೇ ಡಿಎನ್‌ಎ ಅಂತೀಯ. ಹಾಗಿದ್ದರೆ ಒಂದು ಕೋಶ ಮೆದುಳಾಗಿ, ಇನ್ನೊಂದು ಚರ್ಮವಾಗಿ ಬೆಳೆಯುವುದು ಹೇಗೆ? ದಿನವಿಡೀ ಇಲಿಯ ಭ್ರೂಣ ನೋಡುತ್ತೀಯಲ್ಲ, ಅಲ್ಲೇನಾದರೂ ಉತ್ತರ ಸಿಕ್ಕಿತಾ?"

ಪಠ್ಯಪುಸ್ತಕದ ಉತ್ತರ ನಿನಗೂ ಗೊತ್ತು. ಒಂದೊಂದು ಕೋಶದಲ್ಲಿ ಒಂದೊಂದು ಗುಂಪಿನ ಜೀನ್‌ಗಳು ಕೆಲಸ ಮಾಡುತ್ತವೆ, ಉಳಿದವು ಸುಮ್ಮನಿರುತ್ತವೆ. ಅದು ನಿಜ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನನಗೆ ಅರ್ಧ ಊಟ ಮಾಡಿ ಎದ್ದಂತೆ ಅನ್ನಿಸುತ್ತದೆ. ಕೆಲಸಕ್ಕೆ ನಿಂತ ಜೀನ್ ಕೂಡ ಒಂದೇ ಮಾತು ಹೇಳುವುದಿಲ್ಲ. ಅದರ ಮಾತನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಜೋಡಿಸಬೇಕು ಎಂದು ನೋಡಿಕೊಳ್ಳುವವರು ಬೇರೆ ಇದ್ದಾರೆ. ನನ್ನ ಮನಸ್ಸು ಹೋಗಿರುವುದು ಅವರ ಮೇಲೆ.

ನೀನು ಮಕ್ಕಳಿಗೆ ವ್ಯಾಕರಣ ಕಲಿಸುವವನು. ಹಾಗಾಗಿ ಲೋಪಸಂಧಿಯಿಂದಲೇ ಶುರು ಮಾಡುತ್ತೇನೆ. 'ಊರು', 'ಅಲ್ಲಿ' ಎರಡೂ ಸೇರಿ 'ಊರಲ್ಲಿ' ಆಗುವಾಗ ನಡುವಿನ ಉಕಾರ ಬಿದ್ದುಹೋಗುತ್ತದೆ, ಅಲ್ವಾ? ಜೀನ್‌ನಲ್ಲೂ ಇಂಥದ್ದೊಂದು ಲೋಪ ನಡೆಯುತ್ತದೆ. ಡಿಎನ್‌ಎಯಿಂದ ಮೊದಲು ಒಂದು ಉದ್ದನೆಯ ಆರ್‌ಎನ್‌ಎ ಪ್ರತಿ ಬರುತ್ತದೆ. ಅದರಲ್ಲಿ ಬೇಕಾದ ತುಂಡುಗಳ ನಡುವೆ ಬೇಡದ ತುಂಡುಗಳು ಸೇರಿಕೊಂಡಿರುತ್ತವೆ. ಉಳಿಯುವ ತುಂಡಿಗೆ ಎಕ್ಸಾನ್ ಅನ್ನುತ್ತಾರೆ, ಬಿಡುವ ತುಂಡಿಗೆ ಇಂಟ್ರಾನ್. ಇಂಟ್ರಾನ್ ತೆಗೆದು ಎಕ್ಸಾನ್‌ಗಳನ್ನು ಜೋಡಿಸುವ ಕೆಲಸವೇ ಸ್ಪ್ಲೈಸಿಂಗ್. ಹೀಗೆ ಜೋಡಿಸಿದ ಆರ್‌ಎನ್‌ಎಯೇ ಸಂದೇಶ, ಅದನ್ನು ಓದಿ ಕೋಶ ಪ್ರೊಟೀನ್ ಮಾಡುತ್ತದೆ. ಸಂಧಿಯಲ್ಲಿ ಬೀಳುವುದು ಒಂದು ಸ್ವರ. ಇಲ್ಲಿ ಒಂದೊಂದು ಸಲ ಸಾವಿರಾರು ಅಕ್ಷರಗಳು ಒಟ್ಟಿಗೆ ಹೋಗುತ್ತವೆ. ಎಷ್ಟೋ ಜೀನ್‌ಗಳಲ್ಲಿ ಉಳಿಯುವುದಕ್ಕಿಂತ ಬಿಸಾಡುವುದೇ ಜಾಸ್ತಿ.

ಇದು ಗೊತ್ತಾಗಿದ್ದು 1977ರಲ್ಲಿ. ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ತಂಡಗಳು ಬೇರೆಬೇರೆಯಾಗಿ ಅಡಿನೋವೈರಸ್ ಮೇಲೆ ಕೆಲಸ ಮಾಡುತ್ತಿದ್ದವು. ಆರ್‌ಎನ್‌ಎಯನ್ನು ಅದು ಹುಟ್ಟಿದ ಡಿಎನ್‌ಎ ಜೊತೆ ಜೋಡಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎರಡೂ ಉದ್ದಕ್ಕೂ ಸರಿಯಾಗಿ ಹೊಂದಬೇಕಿತ್ತು. ಹೊಂದಲಿಲ್ಲ. ಡಿಎನ್‌ಎ ಅಲ್ಲಲ್ಲಿ ಕುಣಿಕೆಯ ಹಾಗೆ ಹೊರಗೆ ಉಬ್ಬಿ ನಿಂತಿತ್ತು. ಆ ಕುಣಿಕೆಗಳ ಭಾಗ ಆರ್‌ಎನ್‌ಎಯಲ್ಲಿ ಇರಲೇ ಇಲ್ಲ. ಆ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಇಬ್ಬರಿಗೂ 1993ರಲ್ಲಿ ನೊಬೆಲ್ ಬಂತು.

ಇನ್ನು ನಿನ್ನ ಪ್ರಶ್ನೆಗೆ ಬರುತ್ತೇನೆ. 'ದೀಪ ಹಚ್ಚು ಬಾಗಿಲು ಮುಚ್ಚು' ಎಂದು ನಾಲ್ಕು ಪದ ಬರೆದುಕೋ. ಕೊನೆಯ ಎರಡು ಬಿಟ್ಟರೆ 'ದೀಪ ಹಚ್ಚು'. ಮೊದಲ ಎರಡು ಬಿಟ್ಟರೆ 'ಬಾಗಿಲು ಮುಚ್ಚು'. ನಡುವಿನ ಎರಡು ಬಿಟ್ಟರೆ 'ದೀಪ ಮುಚ್ಚು'. ಹೊಸ ಪದ ಒಂದೂ ಸೇರಿಲ್ಲ, ಪದಗಳ ಕ್ರಮವೂ ಬದಲಾಗಿಲ್ಲ. ಆದರೂ ಮಾಡಬೇಕಾದ ಕೆಲಸ ಬೇರೆಯಾಯಿತು. ಒಂದೇ ಜೀನ್‌ನ ಎಕ್ಸಾನ್‌ಗಳಲ್ಲಿ ಕೆಲವನ್ನು ಸೇರಿಸಿ ಕೆಲವನ್ನು ಬಿಟ್ಟು ಬೇರೆಬೇರೆ ಪ್ರೊಟೀನ್ ಮಾಡುವುದು ಹೀಗೇ. ಇದಕ್ಕೆ ಆಲ್ಟರ್ನೇಟಿವ್ ಸ್ಪ್ಲೈಸಿಂಗ್ ಎಂದು ಹೆಸರು. ಒಂದಕ್ಕಿಂತ ಹೆಚ್ಚು ಎಕ್ಸಾನ್ ಇರುವ ಮನುಷ್ಯರ ಜೀನ್‌ಗಳಲ್ಲಿ ಶೇ. 90ಕ್ಕೂ ಹೆಚ್ಚು ಹೀಗೆ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಜೋಡಣೆಯಾಗುತ್ತವೆ.

ಕತ್ತರಿಸುವ ಯಂತ್ರದ ಹೆಸರು ಸ್ಪ್ಲೈಸಿಯೋಸೋಮ್. ಐದು ಸಣ್ಣ ಆರ್‌ಎನ್‌ಎ, ನೂರಕ್ಕೂ ಹೆಚ್ಚು ಪ್ರೊಟೀನ್ ಸೇರಿ ಆಗುವ ದೊಡ್ಡ ಯಂತ್ರ ಅದು. ಇಂಟ್ರಾನ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಆರ್‌ಎನ್‌ಎಯಲ್ಲೇ ಗುರುತುಗಳಿವೆ. ಆದರೆ ಆ ಗುರುತುಗಳು ಎಲ್ಲ ಕಡೆ ಒಂದೇ ಸಮ ಸ್ಪಷ್ಟವಾಗಿರುವುದಿಲ್ಲ. ಕೆಲವು ಮಸುಕಾಗಿರುತ್ತವೆ. ಅಲ್ಲಿ ದಾರಿ ತೋರಿಸುವವರು ಆರ್‌ಎನ್‌ಎಗೆ ಅಂಟಿಕೊಳ್ಳುವ ಪ್ರೊಟೀನ್‌ಗಳು. ಎಸ್‌ಆರ್ ಎಂಬ ಗುಂಪಿನವು ಸಾಮಾನ್ಯವಾಗಿ ಎಕ್ಸಾನ್ ಮೇಲೆ ಕೂತು 'ಇದನ್ನು ಉಳಿಸು' ಎನ್ನುತ್ತವೆ. ಎಚ್‌ಎನ್‌ಆರ್‌ಎನ್‌ಪಿ ಎಂಬ ಗುಂಪಿನ ಹಲವು 'ಇದನ್ನು ಬಿಡು' ಎನ್ನುತ್ತವೆ. ಕೂರುವ ಜಾಗ ಬದಲಾದರೆ ಅದೇ ಪ್ರೊಟೀನ್ ಉಲ್ಟಾ ಹೇಳುವುದೂ ಉಂಟು. ಯಾವ ಕೋಶದಲ್ಲಿ ಯಾವ ಪ್ರೊಟೀನ್ ಎಷ್ಟಿದೆ ಎಂಬುದರ ಮೇಲೆ ಜೋಡಣೆ ನಿಂತಿದೆ.

ಈಗ ಇಲಿಯ ಭ್ರೂಣ. ಇದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನಗೆ ಇಲ್ಲಿಂದ ಮುಂದಿನದು ತುಂಬ ಇಷ್ಟ.

ಇಲಿಯ ಅಂಡ ಸುಮಾರು 0.08 ಮಿಲಿಮೀಟರ್ ಅಗಲ. ಪೂರ್ತಿ ಬೆಳೆದ ಮೇಲೆ ಅದು ಹೊಸ ಆರ್‌ಎನ್‌ಎ ಮಾಡುವುದನ್ನೇ ನಿಲ್ಲಿಸಿಬಿಡುತ್ತದೆ. ಮುಂದೆ ಫಲಿತವಾಗುವಾಗ ಬೇಕಾಗುವ ಸಂದೇಶಗಳನ್ನೆಲ್ಲ ಮೊದಲೇ ಬರೆದು, ಕತ್ತರಿಸಿ, ಜೋಡಿಸಿ ಎತ್ತಿಟ್ಟಿರುತ್ತದೆ. ಬರೆದಿಟ್ಟ ಆರ್‌ಎನ್‌ಎ ಸುಮ್ನೆ ಬಿಟ್ಟರೆ ಉಳಿಯುವ ವಸ್ತುವಲ್ಲ. ಅದನ್ನು ಕಾಯಲು ಪ್ರೊಟೀನ್‌ಗಳಿವೆ. ಅವುಗಳಲ್ಲಿ ಎಂಎಸ್‌ವೈ2 ಎಂಬುದೊಂದು. ಅಂಡದಲ್ಲಿರುವ ಒಟ್ಟು ಪ್ರೊಟೀನ್‌ನಲ್ಲಿ ಸುಮಾರು ಶೇ. 2 ಇದೊಂದೇ ಇರುತ್ತದೆ. ಸಾವಿರಾರು ಬಗೆಯ ಪ್ರೊಟೀನ್ ಇರುವ ಕೋಶದಲ್ಲಿ ಒಂದೇ ಒಂದಕ್ಕೆ ಇಷ್ಟು ಪಾಲು! ಈ ಲೆಕ್ಕ ಮೊದಲು ಓದಿದಾಗ ನಾನು ಮತ್ತೆ ಮೇಲಿಂದ ಓದಿದೆ. ಎಂಎಸ್‌ವೈ2 ಇಲ್ಲದ ಹೆಣ್ಣಿಲಿಗೆ ಮರಿಯಾಗುವುದಿಲ್ಲ.

ಅಂಡ ಮಾಗುವ ಹೊತ್ತಿಗೆ ಈ ಕಾವಲು ಸಡಿಲವಾಗುತ್ತದೆ. ತಾಯಿಯ ಸಂದೇಶಗಳು ಒಂದೊಂದಾಗಿ ಅಳಿಯತೊಡಗುತ್ತವೆ. ಭ್ರೂಣ ಎರಡು ಕೋಶವಾಗುವಷ್ಟರಲ್ಲಿ ಬಹುಪಾಲು ಹೋಗಿರುತ್ತವೆ. ಅಷ್ಟರೊಳಗೆ ಭ್ರೂಣ ತನ್ನ ಮಾತನ್ನು ತಾನೇ ಆಡಲು ಶುರು ಮಾಡಬೇಕು. ಇಲಿಯಲ್ಲಿ ಈ ಆರಂಭ ಎರಡು ಹಂತದಲ್ಲಿ ಆಗುತ್ತದೆ. ಒಂದೇ ಕೋಶ ಇರುವಾಗಲೇ ಒಂದು ಸಣ್ಣ ಅಲೆ. ಎರಡು ಕೋಶವಾದಾಗ ದೊಡ್ಡ ಅಲೆ.

ಆ ಸಣ್ಣ ಅಲೆಯ ಬಗ್ಗೆ 2015ರಲ್ಲಿ ಒಂದು ಸೊಗಸಾದ ವಿಷಯ ತಿಳಿಯಿತು. ಒಂದು ಕೋಶದ ಭ್ರೂಣ ಡಿಎನ್‌ಎಯ ಉದ್ದಗಲಕ್ಕೂ, ಜೀನ್ ಇಲ್ಲದ ಕಡೆ ಕೂಡ, ಮೆಲ್ಲಗೆ ಆರ್‌ಎನ್‌ಎ ಬರೆಯುತ್ತದೆ. ಆದರೆ ಬರೆದಿದ್ದರಲ್ಲಿ ಇಂಟ್ರಾನ್‌ಗಳು ಸರಿಯಾಗಿ ಹೋಗಿರುವುದಿಲ್ಲ. ಆರ್‌ಎನ್‌ಎಯ ತುದಿಯೂ ಸರಿಯಾಗಿ ಮುಗಿದಿರುವುದಿಲ್ಲ. ಹಾಗಾಗಿ ಅದರಿಂದ ಪ್ರೊಟೀನ್ ಆಗುವುದು ಕಷ್ಟ. ಮಗು ಮೊದಲು ತೊದಲುವ ಹಾಗೆ. ದನಿ ಇದೆ, ಪದ ಇನ್ನೂ ಒಡೆದಿಲ್ಲ. ಎರಡು ಕೋಶವಾದ ಮೇಲೆ ಕತ್ತರಿ ಚುರುಕಾಗುತ್ತದೆ, ಮಾತು ಮಾತಾಗುತ್ತದೆ. ಭ್ರೂಣದ ಜೀನ್‌ಗಳು ಎಚ್ಚರಾದವು ಎಂದು ನಾವು ಹೇಳುತ್ತೇವಲ್ಲ, ಎಚ್ಚರಾದರಷ್ಟೇ ಸಾಲದು. ಕತ್ತರಿ ಹಿಡಿಯುವ ಕೈಯೂ ಪಳಗಬೇಕು. ನಿನಗೆ ಈ ಪತ್ರ ಬರೆಯಲು ಕೂತಿದ್ದೇ ಇದನ್ನು ಹೇಳಲು.

ಒಂದು ವಿಷಯ ಹೇಳುವುದು ಮರೆತೆ. ವಿಷದ ಅಣಬೆಯೊಂದರಲ್ಲಿ ಆಲ್ಫಾ ಅಮಾನಿಟಿನ್ ಎಂಬ ವಸ್ತುವಿದೆ. ಅದು ಆರ್‌ಎನ್‌ಎ ಬರೆಯುವ ಕೆಲಸವನ್ನು ತಡೆಯುತ್ತದೆ. ಅದನ್ನು ಹಾಕಿದರೂ ಒಂದು ಕೋಶದ ಭ್ರೂಣ ಎರಡಾಗುತ್ತದೆ. ತಾಯಿ ಕೊಟ್ಟ ಬುತ್ತಿ ಅಲ್ಲಿಯವರೆಗೆ ಸಾಕು. ಅಲ್ಲಿಂದ ಮುಂದಕ್ಕೆ ಮಾತ್ರ ಹೆಜ್ಜೆ ಏಳುವುದಿಲ್ಲ.

ಎರಡು ಕೋಶದಲ್ಲಿ ಭ್ರೂಣ ನಿಂತುಬಿಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಈ ಕೆಲಸ ಕಲಿಯುವ ಮೊದಲ ತಿಂಗಳು ಅದು. ವಿಷ ಏನೂ ಹಾಕಿರಲಿಲ್ಲ. ಭ್ರೂಣ ಬೆಳೆಸುವ ದ್ರವದಲ್ಲಿ ಏನೋ ಸರಿ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಎಲ್ಲವೂ ಎರಡೆರಡು ಕೋಶ. ಸಂಜೆಗೂ ಎರಡು. ಮರುದಿನವೂ ಎರಡು. ಸತ್ತಂತೆ ಕಾಣುತ್ತಿರಲಿಲ್ಲ. ಅವು ಯಾವುದಕ್ಕೋ ಕಾಯುತ್ತಿವೆ ಅನ್ನಿಸುತ್ತಿತ್ತು. ಆ ದಿನ ನನಗೆ ಊಟ ಸೇರಲಿಲ್ಲ. ಹಳೆಯ ಕಾಲದಲ್ಲಿ ಇಲಿಯ ಭ್ರೂಣ ಬೆಳೆಸಲು ಹೊರಟ ಬಹಳ ಜನರಿಗೆ ಇದೇ ಜಾಗದಲ್ಲಿ ಅಡ್ಡಿಯಾಗಿತ್ತು ಎಂದು ಆಮೇಲೆ ಓದಿದೆ. 1956ರಲ್ಲಿ ವೆಸ್ಲಿ ವಿಟ್ಟನ್ ಅವರು ಎಂಟು ಕೋಶದ ಭ್ರೂಣಗಳನ್ನು ಗಾಜಿನ ಪಾತ್ರೆಯಲ್ಲಿ ಮುಂದಿನ ಹಂತಕ್ಕೆ ಬೆಳೆಸಿದರು. 1958ರಲ್ಲಿ ಆನ್ ಮೆಕ್ಲಾರೆನ್ ಮತ್ತು ಜಾನ್ ಬಿಗ್ಗರ್ಸ್ ಹಾಗೆ ಹೊರಗೆ ಬೆಳೆದ ಭ್ರೂಣಗಳನ್ನು ತಾಯಿ ಇಲಿಗೆ ಸೇರಿಸಿ ಮರಿ ಹುಟ್ಟಿಸಿದರು. ಎರಡು ಕೋಶದ ಗೋಡೆ ದಾಟುವ ದ್ರವಗಳು ಸಿಕ್ಕಿದ್ದು ಅದಕ್ಕೂ ಎಷ್ಟೋ ವರ್ಷದ ಮೇಲೆ.

ಗೋಡೆ ದಾಟಿದ ಭ್ರೂಣ ನಾಲ್ಕಾಗುತ್ತದೆ, ಎಂಟಾಗುತ್ತದೆ. ಎಂಟರ ಹಂತದಲ್ಲಿ ಕೋಶಗಳು ಒಂದನ್ನೊಂದು ಅಪ್ಪಿಕೊಂಡು ಬಿಗಿಯಾಗುತ್ತವೆ. ಮೂರೂವರೆ ದಿನದ ಹೊತ್ತಿಗೆ ಒಳಗೆ ನೀರು ತುಂಬಿದ ಕುಳಿ ಮೂಡುತ್ತದೆ. ಇದನ್ನು ಬ್ಲಾಸ್ಟೊಸಿಸ್ಟ್ ಅನ್ನುತ್ತೇವೆ. ಹೊರಗಿನ ಕೋಶಗಳು ಮಾಸು ಆಗುವ ದಾರಿ ಹಿಡಿಯುತ್ತವೆ. ಒಳಗಿನ ಗುಂಪಿನಿಂದ ಮರಿ ಬೆಳೆಯುತ್ತದೆ. ನಿನ್ನ ಪ್ರಶ್ನೆಯ ಮೊದಲ ಕವಲು ಇದೇ.

ಈ ದಾರಿಯಲ್ಲಿ ಒಂದೊಂದು ಪ್ರೊಟೀನ್ ತೆಗೆದು ನೋಡಿದವರಿದ್ದಾರೆ. ಎಸ್‌ಆರ್‌ಎಸ್‌ಎಫ್3 ಎಂಬ ಎಸ್‌ಆರ್ ಗುಂಪಿನ ಪ್ರೊಟೀನ್ ತೆಗೆದರೆ ಭ್ರೂಣ ಬ್ಲಾಸ್ಟೊಸಿಸ್ಟ್ ಆಗುವುದೇ ಇಲ್ಲ, ಅದಕ್ಕೆ ಮೊದಲೇ ಸಾಯುತ್ತದೆ. ಇದು 1999ರಲ್ಲೇ ಗೊತ್ತಾಗಿತ್ತು. ಅಲ್ಲಿಯವರೆಗಾದರೂ ಅದು ಬದುಕಿದ್ದು ತಾಯಿಯ ದಾಸ್ತಾನಿನಿಂದ ಎಂದು ನನಗನ್ನಿಸುತ್ತದೆ. ಅಂಡ ಬೆಳೆಯುವಾಗಲೇ ಅದನ್ನು ತೆಗೆದರೆ ಅಂಡವೇ ಮಾಗುವುದಿಲ್ಲ. ಪಿಟಿಬಿಪಿ1 ಎಂಬ ಇನ್ನೊಂದು, ಹೆಚ್ಚಾಗಿ 'ಬಿಡು' ಎನ್ನುವ ಪ್ರೊಟೀನ್. ಅದಿಲ್ಲದ ಭ್ರೂಣ ಗರ್ಭಕೋಶಕ್ಕೆ ಅಂಟಿದ ಸ್ವಲ್ಪ ಸಮಯಕ್ಕೆ ಕೊನೆಯಾಗುತ್ತದೆ. ಇವನ್ನು ಓದುವಾಗ 'ಭ್ರೂಣ ಸತ್ತಿತು' ಎಂದು ಎರಡು ಪದದಲ್ಲಿ ದಾಟಿಬಿಡುತ್ತೇವೆ. ನನಗೆ ಅಷ್ಟು ಸಲೀಸಾಗಿ ದಾಟಲು ಆಗುವುದಿಲ್ಲ. ಯಾವ ದಿನ, ಯಾವ ಕೆಲಸದ ಹೊಸ್ತಿಲಲ್ಲಿ ನಿಂತಿತು ಎಂದು ನೋಡಬೇಕು. ಆ ಪ್ರೊಟೀನ್ ಯಾವುದಕ್ಕೆ ಬೇಕಿತ್ತು ಎಂಬುದು ಅಲ್ಲಿ ತಿಳಿಯುತ್ತದೆ.

ಒಂದೇ ಒಂದು ಎಕ್ಸಾನ್ ಎಷ್ಟು ದೂರ ಮುಟ್ಟುತ್ತದೆ ಎಂಬುದಕ್ಕೆ ನನಗೆ ಬಹಳ ಹಿಡಿಸಿದ ಉದಾಹರಣೆ ಡಿಎನ್‌ಎಂಟಿ1. ಡಿಎನ್‌ಎ ಮೇಲೆ ಹಾಕಿದ ರಾಸಾಯನಿಕ ಗುರುತುಗಳನ್ನು ಕೋಶ ಎರಡಾಗಿ ಒಡೆದಾಗಲೆಲ್ಲ ಉಳಿಸಿಕೊಂಡು ಹೋಗುವ ಪ್ರೊಟೀನ್ ಇದು. ಅಂಡದಲ್ಲಿ ಇದರ ಮೊದಲ ಎಕ್ಸಾನ್ ಬೇರೆ. ಹಾಗಾಗಿ ಪ್ರೊಟೀನ್ 118 ಅಮೈನೊ ಆಮ್ಲಗಳಷ್ಟು ಗಿಡ್ಡ. ತಾಯಿ ಕೊಟ್ಟ ಈ ಗಿಡ್ಡ ರೂಪ ಎಂಟು ಕೋಶದ ಹಂತದಲ್ಲಿ ಕೋಶಕೇಂದ್ರದ ಒಳಗೆ ಹೋಗುತ್ತದೆ. ಈ ರೂಪ ಅಂಡದಲ್ಲಿ ಇಲ್ಲದಿದ್ದರೆ ಭ್ರೂಣ ಕೂಡಲೇ ಏನೂ ತೋರಿಸುವುದಿಲ್ಲ. ಚೆನ್ನಾಗಿಯೇ ಬೆಳೆಯುತ್ತದೆ. ಆದರೆ ಹೆಚ್ಚಿನವು ಗರ್ಭದ ಕೊನೆಯ ಮೂರನೇ ಒಂದು ಭಾಗದಲ್ಲಿ ಸಾಯುತ್ತವೆ. ಇಲಿಯ ಗರ್ಭ ಇಪ್ಪತ್ತು ದಿನದ ಆಸುಪಾಸು. ಮೂರನೇ ದಿನ, ಅಂದರೆ ಎಂಟು ಕೋಶದ ಹೊತ್ತಿಗೆ, ತಪ್ಪಿದ ಗುರುತಿನ ಪರಿಣಾಮ ಎರಡು ವಾರ ಕಳೆದು ಬರುತ್ತದೆ. ಇದನ್ನು ಓದಿದ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ ಗೆಳೆಯಾ.

ಇನ್ನೊಂದು ಹೇಳಿ ಮುಗಿಸುತ್ತೇನೆ. ಬ್ಲಾಸ್ಟೊಸಿಸ್ಟ್‌ನ ಒಳಗಿನ ಗುಂಪಿನಿಂದ ತೆಗೆದು ಬೆಳೆಸುವ ಕೋಶಗಳಿಗೆ ಭ್ರೂಣಕಾಂಡಕೋಶ ಅನ್ನುತ್ತೇವೆ. ಇವುಗಳಲ್ಲಿ ಫಾಕ್ಸ್‌ಪಿ1 ಎಂಬ ಜೀನ್ ಒಂದು ವಿಶೇಷ ಎಕ್ಸಾನ್ ಸೇರಿಸಿಕೊಳ್ಳುತ್ತದೆ. ಆ ರೂಪದ ಪ್ರೊಟೀನ್, ಕೋಶ ಏನು ಬೇಕಾದರೂ ಆಗುವ ಶಕ್ತಿಯನ್ನು ಕಾಯುವ ಜೀನ್‌ಗಳಿಗೆ ಬಲ ಕೊಡುತ್ತದೆ. ಎಂಬಿಎನ್‌ಎಲ್ ಎಂಬ ಪ್ರೊಟೀನ್‌ಗಳು ಇಂಥ ಎಕ್ಸಾನ್‌ಗಳನ್ನು ಬಿಡಿಸುವ ಕಡೆಯವು. ಕಾಂಡಕೋಶದಲ್ಲಿ ಅವು ಕಡಿಮೆ. ಕೋಶ ಚರ್ಮವೋ ಸ್ನಾಯುವೋ ಆಗಲು ಹೊರಟಾಗ ಹೆಚ್ಚಾಗುತ್ತವೆ, ಎಕ್ಸಾನ್ ಹೋಗುತ್ತದೆ. ಡಿಎನ್‌ಎಯಲ್ಲಿ ಒಂದಕ್ಷರವೂ ಬದಲಾಗಿಲ್ಲ. ಕತ್ತರಿಯ ಜಾಗ ಮಾತ್ರ ಬದಲಾಯಿತು. ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಇರುವ ಅತ್ಯಂತ ನೇರವಾದ ಉತ್ತರ ಇದು.

2021ರಲ್ಲಿ ಬಂದ ಸುದ್ದಿ ಇನ್ನೂ ಬೆರಗಿನದು. ಇಲಿಯ ಕಾಂಡಕೋಶಗಳಲ್ಲಿ ಸ್ಪ್ಲೈಸಿಯೋಸೋಮ್ ಕೆಲಸವನ್ನು ಒಂದು ಔಷಧಿಯಿಂದ ತಗ್ಗಿಸಿದರು. ಪ್ಲಾಡಿಯೆನೊಲೈಡ್ ಬಿ ಎಂದು ಅದರ ಹೆಸರು, ಬ್ಯಾಕ್ಟೀರಿಯಾದಿಂದ ಸಿಗುವಂಥದ್ದು. ಕೋಶಗಳು ಹಾಳಾಗುತ್ತವೆ ಎಂದು ಯಾರಾದರೂ ಊಹಿಸುತ್ತಾರೆ. ಅವು ಹಿಂದಕ್ಕೆ ನಡೆದವು. ಎರಡು, ನಾಲ್ಕು ಕೋಶದ ಭ್ರೂಣವನ್ನು ಹೋಲುವ ಸ್ಥಿತಿಗೆ ಬಂದವು. ಮರಿಯ ಭಾಗವೂ, ಮಾಸಿನ ಭಾಗವೂ ಆಗಬಲ್ಲವಾದವು. ತೊದಲು ನುಡಿಯ ಕಾಲಕ್ಕೆ ಮರಳಿದಂತೆ. ಆರಂಭದಲ್ಲಿ ಕತ್ತರಿ ಮೊಂಡಾಗಿರುವುದು ಕೊರತೆ ಎಂದೇ ನಾನು ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಏನು ಬೇಕಾದರೂ ಆಗಬಲ್ಲ ಸ್ಥಿತಿಗೂ ಆ ಮೊಂಡುತನಕ್ಕೂ ನಂಟಿದೆ ಎಂದೇ ನನ್ನ ನಂಬಿಕೆ.

ಮೊನ್ನೆ ಹೊಸದಾಗಿ ಇಪ್ಪತ್ತು ಭ್ರೂಣ ಇಟ್ಟಿದ್ದೇನೆ. ಈ ಬೆಳಿಗ್ಗೆ ಹದಿನೇಳು ನಾಲ್ಕು ಕೋಶವಾಗಿದ್ದವು. ಮೂರು ಇನ್ನೂ ಎರಡರಲ್ಲೇ ಇವೆ. ನಾಡಿದ್ದು ಕುಳಿ ಮೂಡುತ್ತದೆಯಾ ನೋಡಬೇಕು. ಆ ರಾತ್ರಿ ಫೋನ್ ಮಾಡು, ಎಷ್ಟು ದಾಟಿದವು ಹೇಳುತ್ತೇನೆ.

ಇಂತಿ ನಿನ್ನ,
ಹಳೆಯ ಬೆಂಚಿನ ಗೆಳೆಯ