ಬಲಗಾಲಿನ ಚಪ್ಪಲಿ

ಪುಟ್ಟಿ,

ಭಾನುವಾರ ಫೋನ್ ಕಟ್ ಮಾಡಿದ್ದು ನಾನೇ. ನೆಟ್‌ವರ್ಕ್ ಹೋಯ್ತು ಅಂತ ನಿಮ್ಮಮ್ಮ ಹೇಳಿದಳಂತೆ. ನೆಟ್‌ವರ್ಕ್ ಸರಿಯಾಗೇ ಇತ್ತು.

ಇದನ್ನು ವಾಟ್ಸಾಪ್‌ನಲ್ಲೇ ಕಳಿಸಬಹುದಿತ್ತು. ಆದರೆ ನನ್ನ ಫೋನು ದಿನಕ್ಕೆ ಹತ್ತು ಸಲ ನಿಮ್ಮಮ್ಮನ ಕೈಯಲ್ಲಿರುತ್ತದೆ. ಅವಳಿಗೆ ಗೊತ್ತಿಲ್ಲದ ಒಂದು ವಿಷಯ ಇದರಲ್ಲಿದೆ. ಅದಕ್ಕೇ ಅಂಚೆಗೆ ಹಾಕುತ್ತಿದ್ದೇನೆ. ಮಾತಾಡಲು ಹೋದರೆ ನನಗೆ ಮೊದಲು ಕೋಪ ಬರುತ್ತದೆ, ಆಮೇಲೆ ಮಾತು. ಇಷ್ಟು ವರ್ಷ ಇಂಜಿನ್ ಸದ್ದಿನ ಪಕ್ಕ ಕೂತವನಿಗೆ ಮೆತ್ತಗೆ ಮಾತಾಡುವುದು ಎಲ್ಲಿಂದ ಬರಬೇಕು ಹೇಳು.

ಬಸ್ ಡ್ರೈವರ್ ಕೆಲಸಕ್ಕೆ ನಾನು ಸ್ವಯಂ ನಿವೃತ್ತಿ ಬರೆದುಕೊಟ್ಟಿದ್ದಕ್ಕೆ ನೀನು ಏನಂದೆ, ನಾನು ಏನಂದೆ ಅನ್ನುವುದನ್ನು ಮತ್ತೆ ಬರೆಯುವುದಿಲ್ಲ. ಇಬ್ಬರಿಗೂ ನೆನಪಿದೆ.

ನೀನು ಕಳಿಸಿದ ಕಾನೂನು ಓದಿದೆ. ಎರಡು ಸಲ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016, ಸೆಕ್ಷನ್ 20. ಸರ್ಕಾರಿ ಕೆಲಸದಲ್ಲಿದ್ದಾಗ ಅಂಗವೈಕಲ್ಯ ಬಂದರೆ ಮನೆಗೆ ಕಳಿಸುವಂತಿಲ್ಲ. ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಇಲ್ಲದಿದ್ದರೆ ಹೊಸದಾಗಿ ಒಂದು ಮಾಡಿಯಾದರೂ ಇಟ್ಟುಕೊಳ್ಳಬೇಕು. ನನ್ನ ಕಾಲು ಅದರೊಳಗೆ ಬರುತ್ತದೋ ಇಲ್ಲವೋ ಮೆಡಿಕಲ್ ಬೋರ್ಡ್ ಹೇಳಬೇಕಿತ್ತು. ಆದರೂ ನೀನು ಹೇಳಿದ್ದು ಸರಿ. ಕೇಳಬಹುದಿತ್ತು. ಸೆಕ್ಷನ್ ನಂಬರ್ ಸಮೇತ ಅಪ್ಪನಿಗೆ ಬೈಯುವ ಮಗಳು ನಮ್ಮ ಡಿಪೋದಲ್ಲಿ ಇನ್ಯಾರಿಗೂ ಇಲ್ಲ. ಅವತ್ತು ಸಿಟ್ಟಿನಲ್ಲಿದ್ದೆ, ಅದಕ್ಕೆ ಹೇಳಲಿಲ್ಲ.

ದುಡ್ಡಿನ ಲೆಕ್ಕವೂ ನೀನು ಹಾಕಿದ ಹಾಗೇ. ಪಿಎಫ್ ಪೆನ್ಶನ್ 58 ಆದ ಮೇಲೆ ತೆಗೆದುಕೊಂಡರೆ ತಿಂಗಳಿಗೆ ನಾಲ್ಕು ಸಾವಿರದ ಆಸುಪಾಸು. ಈಗಲೇ ಬೇಕೆಂದರೆ ವರ್ಷಕ್ಕೆ 4 ಪರ್ಸೆಂಟ್‌ನಂತೆ ಕಡಿತ. ನನಗೆ 54. ಕಾಯುತ್ತೇನೆ. ಗ್ರಾಚ್ಯುಟಿ ಸರ್ವಿಸ್ಸಿನ ವರ್ಷಕ್ಕೆ 15 ದಿನದ ಸಂಬಳದಂತೆ 27 ವರ್ಷಕ್ಕೆ ಬರುತ್ತದೆ. ಅದರಲ್ಲಿ ನಿನ್ನ ಲೋನ್ ಬಾಕಿ ತೀರುತ್ತದೆ. ತೀರಿಸಬೇಡ ಅಂತ ನೀನು ಹೇಳಬೇಡ.

ಲೈಟ್ ಡ್ಯೂಟಿ ಕೇಳಲು ನನಗೆ ನಾಚಿಕೆ ಅಂತ ನೀನು ಅಂದುಕೊಂಡಿದ್ದೀಯ. ಗೇಟಿನಲ್ಲಿ ಕೂರುವುದು, ಸ್ಟ್ಯಾಂಡಿನಲ್ಲಿ ನಿಂತು ಬಸ್ ಹೆಸರು ಕೂಗುವುದು, ಇದೆಲ್ಲ ಸ್ಟೀರಿಂಗ್ ಹಿಡಿದವನಿಗೆ ಅವಮಾನ ಅಂತ. ಅದಲ್ಲ ಪುಟ್ಟಿ. ಲೈಟ್ ಡ್ಯೂಟಿ ಕೇಳಿದರೆ ಅರ್ಜಿ ಬರೆಯಬೇಕು. ಯಾವಾಗಿಂದ ಹೀಗೆ ಅಂತ ಬೋರ್ಡಿನವರು ಕೇಳುತ್ತಾರೆ. ಆ 'ಯಾವಾಗಿಂದ' ಅನ್ನುವುದಕ್ಕೆ ನನ್ನ ಹತ್ತಿರ ಬರೆದು ಕೊಡುವಂಥ ಉತ್ತರ ಇರಲಿಲ್ಲ.

ಶುಗರ್ ಇರೋದು ನಿನಗೆ ಗೊತ್ತು, ನೀನು ಹೈಸ್ಕೂಲಿನಲ್ಲಿದ್ದಾಗಿನಿಂದ. ಕಾಲಿನ ವಿಷಯ ಗೊತ್ತಿರಲಿಲ್ಲ. ಮೂರು ವರ್ಷದ ಕೆಳಗೆ ಬೆಳ್ತಂಗಡಿ ಸ್ಟ್ಯಾಂಡಿನಲ್ಲಿ ಟೀ ಕುಡಿದು ಬಂದು ಸೀಟಿಗೆ ಹತ್ತಿದೆ. ಅಂಗಡಿಯವನು ಹಿಂದಿನಿಂದ ಕೂಗಿದ, "ಅಣ್ಣಾ, ಚಪ್ಪಲಿ!" ಒಂದು ಚಪ್ಪಲಿ ಅಂಗಡಿ ಮುಂದೆಯೇ ಬಿದ್ದಿತ್ತು. ಎಲ್ಲ ನಕ್ಕರು. ನಾನೂ ನಕ್ಕೆ. ಅವತ್ತೇ ನಗು ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕಿತ್ತು. ಇನ್ನೊಂದು ದಿನ ಇಂಜಿನ್ ಬಿಸಿಗೆ ಪಾದದ ಗಂಟಿನ ಹತ್ತಿರ ಬೊಬ್ಬೆ ಎದ್ದಿತ್ತು. ಗೊತ್ತಾಗಿದ್ದು ರಾತ್ರಿ ಹಾಲ್ಟ್‌ನಲ್ಲಿ ಪ್ಯಾಂಟು ಬಿಚ್ಚಿದಾಗ. ನಡೆದರೆ ಹತ್ತಿ ಮೇಲೆ ನಡೆದ ಹಾಗೆ. ಮಲಗಿದರೆ ಪಾದ ಉರಿ. ಇಷ್ಟಿದ್ದೂ ಲೈಸೆನ್ಸ್ ರಿನ್ಯೂವಲ್ ಸರ್ಟಿಫಿಕೇಟಿಗೆ ಹೋದಾಗ ಡಾಕ್ಟರು "ಬೇರೆ ಏನಾದ್ರೂ ತೊಂದ್ರೆ ಇದ್ಯಾ?" ಅಂತ ಕೇಳಿದರೆ "ಏನಿಲ್ಲ ಸಾರ್" ಅಂದೆ. ಕಣ್ಣು ನೋಡಿದರು, ಬಿಪಿ ನೋಡಿದರು. ಕಾಲು ಶೂ ಒಳಗಿತ್ತು. ಆ ದಿನ ಬೇಕೆಂದೇ ಶೂ ಹಾಕಿಕೊಂಡು ಹೋಗಿದ್ದೆ.

ಆಗ ನಿನ್ನ ಕೊನೇ ವರ್ಷದ ಫೀಸು ಕಟ್ಟುವುದಿತ್ತು. ಅದಕ್ಕೇ ಅಂತ ಹೇಳುತ್ತಿಲ್ಲ. ಫೀಸು ಇಲ್ಲದಿದ್ದರೂ ನಾನು ಹಾಗೇ ಮಾಡುತ್ತಿದ್ದೆನೋ ಏನೋ.

ಈಗ ಆ ದಿನದ ವಿಷಯ.

ಆಷಾಢದ ಮಳೆ. ಬೆಳಗ್ಗೆ ಮೊದಲ ಟ್ರಿಪ್. ಕೊಟ್ಟಿಗೆಹಾರದಲ್ಲಿ ಎರಡು ನೀರ್‌ದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯಲು ಹೊರಟೆವು. ಶೂ ಎರಡು ದಿನದಿಂದ ಒದ್ದೆ, ಅದಕ್ಕೇ ಚಪ್ಪಲಿ. ಹೆಂಗಸರ ಶೂನ್ಯ ಟಿಕೆಟೂ ಸೇರಿ ಒಳಗೆ ಐವತ್ತೆರಡು ಜನ. ನನ್ನ ಪಕ್ಕ ಬಾನೆಟ್ ಮೇಲೆ ಒಂದು ಹುಡುಗಿ ಕೂತಿದ್ದಳು, ಆರೇಳು ವರ್ಷ ಇರಬೇಕು. ಬಿಸ್ಕತ್ತನ್ನು ಒಂದೊಂದೇ ಬಾಯಲ್ಲಿ ಇಟ್ಟುಕೊಂಡು ಕರಗಿಸುತ್ತಿದ್ದಳು. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ನಿಲ್ಲಿಸಿ, ಕೈ ಮುಗಿದು, ಕಾಸು ಹಾಕಿ ಮುಂದೆ ಹೊರಟೆ. ಮಂಜು ಎಷ್ಟಿತ್ತೆಂದರೆ ಲೈಟ್ ಹಾಕಿದರೂ ಮುಂದೆ ಹಾಲು ಚೆಲ್ಲಿದ ಹಾಗೆ.

ಆಮೇಲಿನ ಎರಡನೇ ತಿರುವಿನಲ್ಲಿ ಒಂದು ಪಿಕಪ್ ನಿಂತಿತ್ತು. ಬ್ರೇಕ್ ಒತ್ತಿದೆ. ಪೆಡಲು ಅರ್ಧ ಇಳಿದು ನಿಂತುಬಿಟ್ಟಿತು. ಇನ್ನೂ ಒತ್ತಿದೆ. ಇಲ್ಲ. ಬ್ರೇಕ್ ಹೋಯಿತು ಅಂದುಕೊಂಡೆ. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಕಡೆ ಚರಂಡಿಗೆ ಚಕ್ರ ಹಾಕಿದೆ. ಪಿಕಪ್‌ಗೂ ನಮಗೂ ಒಂದು ಮಾರು ಉಳಿದಿತ್ತು. ಆ ಹುಡುಗಿಯ ಬಿಸ್ಕತ್ತು ಕೆಳಗೆ ಬಿತ್ತು. ಹಿಂದೆ ಯಾರೋ ಕೂಗಿಕೊಂಡರು. ಅಷ್ಟೇ. ಯಾರಿಗೂ ಏನೂ ಆಗಲಿಲ್ಲ.

ಬಗ್ಗಿ ನೋಡಿದರೆ ನನ್ನ ಬಲಗಾಲಿನ ಚಪ್ಪಲಿ. ಕಾಲಿನಿಂದ ಜಾರಿ ಪೆಡಲ್ ಅಡಿಗೆ ಸಿಕ್ಕಿಕೊಂಡಿತ್ತು. ಬರಿಗಾಲಲ್ಲಿ ಒತ್ತುತ್ತಿದ್ದೆ, ಅದೂ ಗೊತ್ತಾಗಿರಲಿಲ್ಲ. ಯಾವಾಗ ಜಾರಿತು? ಗುಡಿ ಹತ್ತಿರವೋ, ಕೊಟ್ಟಿಗೆಹಾರದಲ್ಲೋ? ಎಷ್ಟು ತಿರುವು ಹಾಗೇ ಇಳಿದಿದ್ದೆ? ಇದನ್ನು ಎಷ್ಟು ಸಲ ಲೆಕ್ಕ ಹಾಕಿದ್ದೇನೋ. ಗುಡಿಯಲ್ಲಿ ಕಾಸು ಹಾಕುವಾಗ ನಾನು ಕೆಳಗೆ ಇಳಿಯಲಿಲ್ಲ, ಕಿಟಕಿಯಿಂದಲೇ ಹಾಕಿದೆ. ಹಾಗಾಗಿ ಅಲ್ಲಿ ಗೊತ್ತಾಗುವ ಹಾಗಿರಲಿಲ್ಲ. ಕೊಟ್ಟಿಗೆಹಾರದಲ್ಲಿ ಹತ್ತುವಾಗ ಚಪ್ಪಲಿ ಇತ್ತು, ಮೆಟ್ಟಿಲಿಗೆ ಕೆಸರು ಉಜ್ಜಿದ್ದು ನೆನಪಿದೆ. ಅಂದರೆ ಮಧ್ಯದಲ್ಲಿ. ಮಧ್ಯದಲ್ಲಿ ಎಲ್ಲಿ? ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಕೊಟ್ಟಿಗೆಹಾರದಿಂದ ಶುರು ಮಾಡಿ ತಿರುವು ತಿರುವು ಇಳಿಯುತ್ತೇನೆ. ಆ ಪಿಕಪ್ ಹತ್ತಿರ ಬಂದ ಮೇಲೆ ಮತ್ತೆ ಮೇಲಿಂದ. ಕೆಲವು ರಾತ್ರಿ ಚರಂಡಿ ಎಡಕ್ಕಿರುತ್ತದೆ. ಕೆಲವು ರಾತ್ರಿ ಎಡಕ್ಕೆ ಚರಂಡಿಯೇ ಇರುವುದಿಲ್ಲ, ಕಣಿವೆ ಇರುತ್ತದೆ. ಆ ಹುಡುಗಿ ಮಾತ್ರ ಪ್ರತಿಸಲವೂ ಬಾನೆಟ್ ಮೇಲೇ ಇರುತ್ತಾಳೆ.

ಕಂಡಕ್ಟರ್ "ಏನಾಯ್ತಣ್ಣ?" ಅಂದ. ಚಪ್ಪಲಿಯನ್ನು ಕಾಲಿಂದ ಸೀಟಿನಡಿಗೆ ತಳ್ಳಿದೆ. "ಬ್ರೇಕ್ ಸರಿಯಿಲ್ಲ ಮಾರಾಯ" ಅಂದೆ.

ಇಲ್ಲಿಗೆ ಮುಗಿದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ಡಿಪೋಗೆ ಬಂದು ಲಾಗ್‌ಶೀಟಿನಲ್ಲಿ ಬರೆದುಬಿಟ್ಟೆ: ಬ್ರೇಕ್ ಪೆಡಲ್ ಪೂರ್ತಿ ಇಳಿಯುತ್ತಿಲ್ಲ. ಹಿಂದಿನ ದಿನ ಆ ಗಾಡಿ ನೋಡಿದ್ದ ಮೆಕ್ಯಾನಿಕ್ ಹುಡುಗನಿಗೆ ಮೆಮೊ ಕೊಟ್ಟರು. ಅವನು ಸೇರಿ ಇನ್ನೂ ಎರಡು ವರ್ಷ ಆಗಿಲ್ಲ. ಇಡೀ ಬ್ರೇಕ್ ಬಿಚ್ಚಿ ಜೋಡಿಸಿದ, ಪಾಪ. ಏನೂ ಸಿಗಲಿಲ್ಲ. ಏನಿದ್ದರೆ ತಾನೇ ಸಿಗೋದು.

ಆಮೇಲೂ ಹನ್ನೊಂದು ದಿನ ಡ್ಯೂಟಿ ಮಾಡಿದೆ. ಅದೇ ಘಾಟಿ. ಶೂ ಹಾಕಿ, ಲೇಸು ಬಿಗಿದು, ಪ್ರತಿ ತಿರುವಿಗೂ ಬಗ್ಗಿ ಕಾಲು ನೋಡುತ್ತಾ. ಕಾಲು ನೋಡಿದರೆ ರಸ್ತೆ ತಪ್ಪುತ್ತದೆ, ರಸ್ತೆ ನೋಡಿದರೆ ಕಾಲು ಎಲ್ಲಿದೆ ಗೊತ್ತಾಗುವುದಿಲ್ಲ. ಹನ್ನೆರಡನೇ ದಿನ ರಜೆ ಹಾಕಿ ಡಾಕ್ಟರ ಹತ್ತಿರ ಹೋದೆ. ಕಣ್ಣು ಮುಚ್ಚಿಸಿ ಪಾದಕ್ಕೆ ನೈಲಾನ್ ಎಳೆ ಮುಟ್ಟಿಸುತ್ತಾರೆ, ಗೊತ್ತಾದಾಗ ಹೂಂ ಅನ್ನಬೇಕು. ನಾನು ಹೂಂ ಅನ್ನಲು ಕಾಯುತ್ತಾ ಕೂತಿದ್ದೆ. ಕೊನೆಗೆ ಅವರೇ "ಕಣ್ಣು ಬಿಡಿ" ಅಂದರು. ಹತ್ತು ಕಡೆ ಮುಟ್ಟಿಸಿ ಆಗಿತ್ತಂತೆ. ಉದ್ದದ ನರವೇ ಮೊದಲು ಕೆಡುವುದಂತೆ, ಉದ್ದದ ರೂಟಿನ ಬಸ್ಸು ಮೊದಲು ಕೆಡುವ ಹಾಗೆ. ಅದಕ್ಕೇ ಕಾಲಿನ ಬೆರಳಿನಿಂದ ಶುರುವಾಗಿ ಸಾಕ್ಸ್ ಹಾಕಿದಂತೆ ಮೇಲಕ್ಕೆ ಬರುತ್ತದೆ. ಹೋಗಿದ್ದು ವಾಪಸ್ ಬರುವುದು ಕಷ್ಟ, ಇರೋದನ್ನು ಉಳಿಸಿಕೊಳ್ಳಿ ಅಂದರು. ಶುಗರಿನ ಮೂರು ತಿಂಗಳ ಸರಾಸರಿ 9.8 ಇತ್ತು.

ಸಂಜೆಯೇ ಕೂತು ಸ್ವಯಂ ನಿವೃತ್ತಿಗೆ ಬರೆದೆ. ನಿನ್ನನ್ನು ಕೇಳಲಿಲ್ಲ. ಕೇಳಿದರೆ ನೀನು ಕಾರಣ ಕೇಳುತ್ತಿದ್ದೆ. ತಪ್ಪಾಯಿತು.

ಈಗ ನಿನ್ನ ವಿಷಯ. ಬುದ್ಧಿ ಹೇಳಲ್ಲ ಅಂತ ನಿಮ್ಮಮ್ಮನಿಗೆ ಮಾತು ಕೊಟ್ಟಿದ್ದೇನೆ. ಆದರೂ ಈ ಶುಗರ್ ಅಜ್ಜನಿಗೆ ಇತ್ತು, ನನಗಿದೆ. ನೀನು ರಾತ್ರಿ ಶಿಫ್ಟು, ಮೂರು ಗಂಟೆಗೆ ಊಟ, ಬೆಳಗ್ಗೆ ನಿದ್ದೆ. ನನ್ನ ಹೊಟ್ಟೆಯೂ ಹೀಗೇ ಕೆಟ್ಟಿದ್ದು. ಹೋಟೆಲಿನವರು ಡ್ರೈವರ್‌ಗೆ ಪುಕ್ಕಟೆ ಊಟ ಹಾಕುತ್ತಾರೆ, ಮೇಲೊಂದು ಸ್ವೀಟು. ಪುಕ್ಕಟೆ ಅಂತ ಇಪ್ಪತ್ತೇಳು ವರ್ಷ ತಿಂದೆ. ವರ್ಷಕ್ಕೊಂದು ಸಲ ಎಚ್‌ಬಿಎ1ಸಿ ಮಾಡಿಸು, ಅದೇ ಆ ಮೂರು ತಿಂಗಳ ಸರಾಸರಿಯ ರಕ್ತ ಪರೀಕ್ಷೆ. 5.7ರ ಒಳಗಿರಬೇಕು. 6.5 ಮುಟ್ಟಿದರೆ ಬಂತು ಅಂತಲೇ ಅರ್ಥ. ಗಡಿಯಲ್ಲಿದ್ದರೆ ನಡೆದು, ತೂಕ ಇಳಿಸಿ ವಾಪಸ್ ತರಬಹುದಂತೆ. ಆಫೀಸಿನಲ್ಲಿ ಲಿಫ್ಟ್ ಬಿಡು. ಆ ಕೂಲ್‌ಡ್ರಿಂಕ್ಸ್ ಬಿಡು. ವಯಸ್ಸು ಇಪ್ಪತ್ತಾರು, ಈಗಲೇ ಯಾಕೆ ಅನ್ನಬೇಡ. ಕಾಲಲ್ಲಿ ಜುಮ್ಮೆಂದರೆ ಡಾಕ್ಟರಿಗೆ ಹೇಳು, "ಏನಿಲ್ಲ ಸಾರ್" ಅನ್ನಬೇಡ. ಮತ್ತೆ ರಾತ್ರಿ ಕ್ಯಾಬ್ ಡ್ರೈವರ್ ತೂಕಡಿಸುತ್ತಿದ್ದರೆ ಸುಮ್ನೆ ಕೂರಬೇಡ, ನಿಲ್ಲಿಸಿ ಮುಖ ತೊಳೆಯಲು ಹೇಳು. ಅವನೂ ಯಾರದೋ ಫೀಸು ಕಟ್ಟುತ್ತಿರುತ್ತಾನೆ.

ಬುದ್ಧಿ ಹೇಳಿಯೇಬಿಟ್ಟೆ ಅಲ್ವಾ.

ಮನೆಯಲ್ಲಿ ನಾನು ಚೆನ್ನಾಗಿದ್ದೇನೆ. ರಾತ್ರಿ ಮಲಗುವ ಮೊದಲು ಕನ್ನಡಿ ಇಟ್ಟು ಪಾದ ನೋಡಿಕೊಳ್ಳುತ್ತೇನೆ, ಗಾಯ ಇದೆಯೋ ಅಂತ. ನಿಮ್ಮಮ್ಮ ನಗುತ್ತಾಳೆ, "ಮದುವೆ ಹೆಣ್ಣು ಇಷ್ಟು ಕನ್ನಡಿ ನೋಡಲ್ಲ" ಅಂತ. ಬೆಳಗ್ಗೆ ನಾಲ್ಕಕ್ಕೆ ಎಚ್ಚರವಾಗುತ್ತದೆ, ಡ್ಯೂಟಿ ಇಲ್ಲ ಅನ್ನುವುದು ಸ್ವಲ್ಪ ಹೊತ್ತಿನ ಮೇಲೆ ನೆನಪಾಗುತ್ತದೆ.

ಕಳೆದ ವಾರ ಗ್ರಾಚ್ಯುಟಿ ಫಾರಂ ಕೊಡಲು ಡಿಪೋಗೆ ಹೋಗಿದ್ದೆ. ಆ ಮೆಕ್ಯಾನಿಕ್ ಹುಡುಗ ಓಡಿಬಂದು ಸ್ಟೂಲ್ ಹಾಕಿದ. ಟೀ ತರಿಸಿದ. "ಕಾಲು ಹೆಂಗಿದೆ ಅಣ್ಣ?" ಅಂದ. ಹೇಳಿಬಿಡಬೇಕು ಅಂತಲೇ ಹೋಗಿದ್ದೆ. ಟೀ ಕುಡಿದು ಎದ್ದುಬಂದೆ.

ಅದಕ್ಕೇ ನಿನ್ನಿಂದ ಒಂದು ಕೆಲಸ ಆಗಬೇಕು. ಡಿಪೋ ಮ್ಯಾನೇಜರಿಗೆ ಒಂದು ಅರ್ಜಿ ಬರೆದುಕೊಡು. ಆ ದಿನ ಬ್ರೇಕ್ ಸರಿಯಿತ್ತು, ತಪ್ಪು ನನ್ನದು, ಹುಡುಗನ ಮೆಮೊ ವಾಪಸ್ ತೆಗೆಯಬೇಕು ಅಂತ. ನಾನು ಬರೆಯಲು ಕೂತರೆ ಎರಡನೇ ಸಾಲಿಗೇ ನನ್ನ ಪರವಾಗಿ ಏನೋ ಸೇರಿಸುತ್ತೇನೆ. ಮೂರು ಹಾಳೆ ಹರಿದಿದ್ದೇನೆ. ನೀನಾದರೆ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೀಯ.

ಇನ್ನೊಂದು. ಗ್ರಾಚ್ಯುಟಿ ಇನ್ನೂ ಕೈಗೆ ಬಂದಿಲ್ಲ. ಅರ್ಜಿ ಈಗಲೇ ಕೊಟ್ಟರೆ ಅದನ್ನು ತಡೆಹಿಡಿಯುತ್ತಾರೋ ಏನೋ ಅಂತ ಭಯ. ದುಡ್ಡು ಬಂದ ಮೇಲೆ ಕೊಡೋಣ ಅಂತ ಒಂದು ಮನಸ್ಸು ಹೇಳುತ್ತದೆ. ಆದರೆ ಹುಡುಗನ ಇನ್‌ಕ್ರಿಮೆಂಟ್ ಜನವರಿಗೆ, ಮೆಮೊ ಹಾಗೇ ಇದ್ದರೆ ಅದು ನಿಂತುಹೋಗಬಹುದು. ನೀನು ಹೇಳಿದ ಹಾಗೆ ಮಾಡುತ್ತೇನೆ. ಈ ಸಲ ಫೋನ್ ಕಟ್ ಮಾಡುವುದಿಲ್ಲ.

ಸಂಕ್ರಾಂತಿಗೆ ಬರುವಾಗ ಒಂದು ಜೊತೆ ಎಂಸಿಆರ್ ಚಪ್ಪಲಿ ತಾ, ಶುಗರ್ ಇರುವವರು ಹಾಕುವ ಮೆತ್ತನೆ ರಬ್ಬರಿನದು. ಇಲ್ಲಿ ನನ್ನ ಸೈಜು ಸಿಗುತ್ತಿಲ್ಲ. ಒಂಬತ್ತು ಬೇಡ, ಹತ್ತು. ಸಂಜೆಗೆ ಪಾದ ಊದುತ್ತದೆ. ಹಿಂದೆ ಪಟ್ಟಿ ಇರೋದನ್ನೇ ನೋಡಿ ತಗೋ.

ನಿನ್ನ ಅಪ್ಪ