ಕಡ್ಡಿಪೆಟ್ಟಿಗೆ ಕಳಿಸಿದವರು

ಸಿಂಧನೂರು

ಪ್ರೀತಿಯ ದೋಸ್ತ,

ನಿನ್ನ ಪತ್ರ ಓದಿ ಎರಡು ದಿನ ಸುಮ್ನೆ ಕೂತಿದ್ದೆ. ಸುಡಾನ್‌ನ ವಿಡಿಯೋ ನೋಡಿದೆ, ಮಗುವಿನ ಪಕ್ಕೆಲುಬು ಎಣಿಸೋ ಹಾಗಿತ್ತು, ಆದರೂ ಏನೂ ಅನ್ನಿಸಲಿಲ್ಲ, ಬೆರಳು ತಾನಾಗೇ ಮುಂದಿನ ವಿಡಿಯೋಗೆ ಹೋಯಿತು ಅಂತ ಬರೆದಿದ್ದೀಯ. "ನಾನು ಕಲ್ಲಾಗಿಬಿಟ್ಟೆನಾ?" ಅಂತ ಕೇಳಿದ್ದೀಯ. ಪಕ್ಕದ ಮನೆಯ ಕರು ಸತ್ತ ದಿನ ಊಟ ಬಿಟ್ಟವನು ನೀನು. ಕಲ್ಲಂತೂ ಅಲ್ಲ. ಆದರೆ ನೀನು ಕೇಳಿಕೊಳ್ಳಬೇಕಾದ್ದು ಬೇರೆ ಇದೆ ಅಂತ ನನಗನ್ನಿಸುತ್ತೆ.

2009ರ ಹೊಳೆ ನೆನಪಿದೆಯಲ್ಲ? ನೀನು ಆಗಲೇ ಬೆಂಗಳೂರು ಸೇರಿದ್ದೆ. ಸೆಪ್ಟೆಂಬರ್ ಕೊನೆಗೆ ಮಳೆ ಹಿಡಿಯಿತು. ಅಕ್ಟೋಬರ್ ಶುರುವಿಗೆ ತುಂಗಭದ್ರೆ ಊರೊಳಗೇ ಬಂತು. ಮಂತ್ರಾಲಯವೇ ಮುಳುಗಿದ ವರ್ಷ ಅದು. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಹೋದರು. ನಾವೆಲ್ಲ ಎತ್ತರದಲ್ಲಿದ್ದ ಪಕ್ಕದೂರಿನ ಶಾಲೆಯಲ್ಲಿದ್ದೆವು. ಮೂರನೇ ದಿನ ಒಂದು ಲಾರಿ ಬಂತು. ಎಲ್ಲಿಂದ ಅಂತ ಇವತ್ತಿಗೂ ಗೊತ್ತಿಲ್ಲ.

ಮೊದಲು ಬಿಚ್ಚಿದ ಚೀಲದಲ್ಲಿ ಜರಿ ಹಚ್ಚಿದ ಮಕ್ಕಳ ಫ್ರಾಕು, ಉಣ್ಣೆಯ ಸ್ವೆಟರು, ಹೈಹೀಲ್ಡ್ ಚಪ್ಪಲಿ, ಅದೂ ಒಂದೇ ಕಾಲಿನದು. ಯಾರೋ ಟಿವಿ ನೋಡಿದ್ದಾರೆ, ಕರುಳು ಚುರುಕ್ ಅಂದಿದೆ, ಬೀರು ತೆಗೆದು ಕೈಗೆ ಸಿಕ್ಕಿದ್ದು ತುಂಬಿದ್ದಾರೆ. ಅವರ ಮನಸ್ಸನ್ನು ನಾನು ಹಳಿಯುವುದಿಲ್ಲ. ಎರಡನೇ ಚೀಲದಲ್ಲಿ ತಾಡಪತ್ರಿ, ಹಗ್ಗ, ಉಪ್ಪು, ಅವಲಕ್ಕಿ, ಮೇಣದಬತ್ತಿ. ಅದರಡಿ ಕಡ್ಡಿಪೆಟ್ಟಿಗೆಗಳು. ಎರಡೆರಡು ಪೆಟ್ಟಿಗೆ ಸೇರಿಸಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ, ದಾರ ಕಟ್ಟಿದ್ದರು. ಅವ್ವ ದಾರ ಹಲ್ಲಲ್ಲಿ ಕಚ್ಚಿ ಬಿಚ್ಚಿ ಒಂದು ಕಡ್ಡಿ ಗೀರಿದಳು. ಹತ್ತಿತು. ಮೂರು ದಿನದಲ್ಲಿ ನಾವು ಕಂಡ ಮೊದಲ ಬೆಂಕಿ.

ಆ ದಾರ ಕಟ್ಟಿದವರು ನಮಗಾಗಿ ಅತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನೀರಲ್ಲಿ ನಿಂತವರ ಕಡ್ಡಿ ನೆಂದಿರುತ್ತೆ ಅಂತ ಅವರು ಯೋಚನೆ ಮಾಡಿದ್ದರು. ಅಷ್ಟು ಸಾಕಾಯಿತು. ಇನ್ನೊಂದು ಕಡೆ, 2023ರ ಫೆಬ್ರವರಿಯಲ್ಲಿ ಟರ್ಕಿ, ಸಿರಿಯಾದಲ್ಲಿ ಭೂಕಂಪ ಆದಾಗ ನಾನು ರಾತ್ರಿಯೆಲ್ಲ ಅವಶೇಷದಡಿಯ ಕೂಸುಗಳ ವಿಡಿಯೋ ನೋಡಿ ಅತ್ತೆ. ಹತ್ತು ಜನಕ್ಕೆ ಕಳಿಸಿದೆ. ಒಂದು ರೂಪಾಯಿ ಕೊಡಲಿಲ್ಲ. ಅತ್ತಿದ್ದರಿಂದಲೇ ಏನೋ ಮಾಡಿದೆ ಅನ್ನಿಸಿಬಿಟ್ಟಿತ್ತು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

1971ರಲ್ಲಿ ಪೂರ್ವ ಬಂಗಾಳದಿಂದ ಲಕ್ಷ ಲಕ್ಷ ಜನ ಓಡಿ ಬರುತ್ತಿದ್ದಾಗ ಆಸ್ಟ್ರೇಲಿಯಾದ ಪೀಟರ್ ಸಿಂಗರ್ ಅನ್ನುವ ತತ್ವಶಾಸ್ತ್ರಜ್ಞ ಒಂದು ಲೇಖನ ಬರೆದ. ಅದೇ ನೆಲದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳು ನಮ್ಮ ಸಿಂಧನೂರಿನ ಆರ್.ಎಚ್. ಕ್ಯಾಂಪ್‌ಗಳಲ್ಲಿ, ಅಂದರೆ ಪುನರ್ವಸತಿ ಕ್ಯಾಂಪ್‌ಗಳಲ್ಲಿ, ಇದ್ದಾರೆ ಅಲ್ವಾ, ಅದಕ್ಕೇ ನನಗೆ ಆ ಲೇಖನ ದೂರದ್ದು ಅನ್ನಿಸುವುದಿಲ್ಲ. ಅವನು ಕೇಳುವುದು ಇಷ್ಟೇ. ದಾರಿಯಲ್ಲಿ ಒಂದು ಕೊಳದಲ್ಲಿ ಮಗು ಮುಳುಗುತ್ತಿದೆ. ನೀರು ಆಳವಿಲ್ಲ, ಇಳಿದರೆ ಬಟ್ಟೆ ಕೆಸರಾಗುತ್ತೆ ಅಷ್ಟೇ. ಇಳಿಯಬೇಕೋ ಬೇಡವೋ? ಕೊಳ ಬೇಡ, ನಮ್ಮ ಎಡದಂಡೆ ಕಾಲುವೆಯ ತೂಬಿನ ಹತ್ತಿರ ಅಂದುಕೋ. ಇಳಿಯದವನು "ಆ ಮಗು ನೋಡಿ ನನಗೆ ಏನೂ ಅನ್ನಿಸಲಿಲ್ಲ" ಅಂದರೆ ಊರವರು ಬಿಡುತ್ತಾರಾ? ಹಾಗಾದರೆ ಮಗು ಸಾವಿರಾರು ಮೈಲಿ ದೂರ ಇದ್ದರೆ ಅದೇ ಮಾತು ಹೇಗೆ ನೆಪವಾಗುತ್ತೆ ಅಂತ ಅವನ ವಾದ. ಇದಕ್ಕೆ ಸರಿಯಾದ ಉತ್ತರ ನನಗೆ ಸಿಕ್ಕಿಲ್ಲ.

ಇನ್ನೊಂದು ವಿಷಯ ನಿನಗೆ ಹೇಳಲೇಬೇಕು. ನಿನ್ನ ಪತ್ರ ಬಂದ ಮೇಲೆ ಸುಡಾನ್ ಬಗ್ಗೆ ಓದಿದೆ. 2023ರ ಏಪ್ರಿಲ್ 15ಕ್ಕೆ ಯುದ್ಧ ಶುರುವಾಯಿತು. ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟರು. ಓದಿದೆ, ಮುಂದೆ ಹೋದೆ. ಆಮೇಲೆ ಅವರು ತಿನ್ನೋದು ಜೋಳ ಅಂತ ಗೊತ್ತಾಯಿತು. ನಮ್ಮದೇ ಜೋಳ! ಹಿಟ್ಟು ಹುಳಿ ಬರಿಸಿ, ತೆಳ್ಳಗೆ ಹರಡಿ, ಕಿಸ್ರಾ ಅಂತ ಮಾಡುತ್ತಾರೆ. ಆ ಕ್ಷಣ ನನ್ನ ಗಂಟಲು ಕಟ್ಟಿತು. ಖಾಲಿ ಗಡಿಗೆ ಮುಂದೆ ಕೂತ ಅವ್ವನೇ ಕಣ್ಣ ಮುಂದೆ ಬಂದಳು. ಸ್ವಲ್ಪ ಹೊತ್ತಾದ ಮೇಲೆ ಹೆದರಿಕೆಯಾಯಿತು. ಅವರು ಜೋಳದ ಬದಲು ಬೇರೇನಾದರೂ ತಿನ್ನುತ್ತಿದ್ದರೆ? ಅವರ ಹಸಿವು ಕಮ್ಮಿಯಾಗುತ್ತಿತ್ತಾ? ನನ್ನ ಮರುಕ ನನ್ನ ತಟ್ಟೆ ನೋಡಿಕೊಂಡು ಬರುತ್ತೆ ಅಂದರೆ ಅದನ್ನು ನಂಬಿ ಯಾರು ಬದುಕಬೇಕು?

ನಾವೂ ಒಂದು ಕಾಲಕ್ಕೆ ಯಾರಿಗೋ ದೂರದವರೇ. 1876ರಿಂದ 78ರ ಬರದಲ್ಲಿ ಬಳ್ಳಾರಿ ಜಿಲ್ಲೆ ನರಳಿತಲ್ಲ, 1877ರ ಅಕ್ಟೋಬರ್‌ನಲ್ಲಿ ಲಂಡನ್ನಿನ ದಿ ಗ್ರಾಫಿಕ್ ಪತ್ರಿಕೆ ಅದರ ಚಿತ್ರ ಹಾಕಿತ್ತು. ಸೊರಗಿದ ಜನ, ಸೊರಗಿದ ದನ. ಲಂಡನ್ ಮೇಯರ್ ತೆರೆದ ನಿಧಿಗೆ ಅಲ್ಲಿನವರು ದುಡ್ಡು ಹಾಕಿದರು. ಅವರು ಮರುಗಿದ್ದು ಸುಳ್ಳಲ್ಲ. ಆದರೆ ಅದೇ ವರ್ಷಗಳಲ್ಲಿ ಇಂಡಿಯಾದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಚಿತ್ರ ನೋಡಿ ಕಣ್ಣೊರೆಸಿಕೊಂಡ ಎಷ್ಟು ಜನ ತಮ್ಮ ಬ್ರೆಡ್ ಎಲ್ಲಿಂದ ಬಂತು ಅಂತ ಕೇಳಿದ್ದಾರು? 50 ಲಕ್ಷಕ್ಕೂ ಜಾಸ್ತಿ ಜನ ಸತ್ತ ಬರ ಅದು.

ಹಾಗಂತ ಮರುಕವೇ ಬೇಡ ಅಂತಲೂ ಅನ್ನಲಾರೆ. ಅದೇ ಬರದಲ್ಲಿ ರಿಚರ್ಡ್ ಟೆಂಪಲ್ ಅನ್ನುವ ಬ್ರಿಟಿಷ್ ಅಧಿಕಾರಿ ಖರ್ಚು ಉಳಿಸಲು ಕೂಲಿ ಇಳಿಸಿದ. ಬರದ ಕಾಮಗಾರಿಯಲ್ಲಿ ದುಡಿಯೋ ಗಂಡಸಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ 450 ಗ್ರಾಂ, ಮೇಲೆ ಒಂದಾಣೆ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಮ್ಮಿ. ಅವನೂ ತನ್ನ ಕರ್ತವ್ಯ ಮಾಡುತ್ತಿದ್ದೇನೆ ಅಂತಲೇ ನಂಬಿದ್ದಿರಬೇಕು. ಕಲ್ಲು ಒಡೆಯೋ ಮೈಗೆ ಅಷ್ಟು ಸಾಲುತ್ತಾ ಅಂತ ಒಂದು ಗಳಿಗೆ ಅವನ ಹೊಟ್ಟೆ ಸಂಕಟಪಟ್ಟಿದ್ದರೆ ತಕ್ಕಡಿ ಬದಲಾಗುತ್ತಿತ್ತೋ ಏನೋ. ಇಲ್ಲಿ ನನ್ನ ವಾದ ಸ್ವಲ್ಪ ತೊಡಕಾಗುತ್ತೆ, ಗೊತ್ತು.

ಅವ್ವನನ್ನು ನೋಡಿದರೆ ತೊಡಕು ಸಡಿಲಾದ ಹಾಗನ್ನಿಸುತ್ತೆ. ಪ್ರತಿ ವರ್ಷ ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿಂದ ಟ್ರಾಕ್ಟರ್‌ನಲ್ಲಿ ರೊಟ್ಟಿ ಹೋಗುತ್ತಲ್ಲ, ಅವ್ವನೂ ನಸುಕಿನಲ್ಲೆದ್ದು ಬಡಿಯುತ್ತಾಳೆ. ಮಂಡಿ ನೋವು, ಹೊಗೆ. ಹೋದ ಸಲ ಒಂದು ರೊಟ್ಟಿಯ ಅಂಚು ಸೀದಿತು, ಅದನ್ನು ಗಂಟಿಗೆ ಹಾಕದೆ ತನಗೆ ಇಟ್ಟುಕೊಂಡಳು. "ಯಾರು ತಿಂತಾರ ಅಂತ ಇಷ್ಟು ನೋಡ್ತೀಯವ್ವಾ?" ಅಂದೆ. "ಹಸದೋರು ತಿಂತಾರ" ಅಂದಳು. ಅವಳ ಮುಖದಲ್ಲಿ ದುಃಖವೂ ಇರಲಿಲ್ಲ, ದೊಡ್ಡ ಕರುಣೆಯೂ ಇರಲಿಲ್ಲ. ಕೆಲಸ ಇತ್ತು, ಮಾಡುತ್ತಿದ್ದಳು.

"ಮೊದಲು ನಮ್ಮೂರ ಬಡವರನ್ನು ನೋಡು" ಅಂತ ನಿನ್ನ ಆಫೀಸಿನವರು ಅನ್ನುತ್ತಾರಂತೆ. ನಾನೂ ಜಾಸ್ತಿ ಕೊಡೋದು ನಮ್ಮ ತಾಲೂಕಿನಲ್ಲೇ. ಇಲ್ಲಿ ಯಾರಿಗೆ ಏನು ಬೇಕು ಗೊತ್ತು, ತಲುಪಿತಾ ಅಂತ ಹೋಗಿ ನೋಡಬಹುದು. ಅಷ್ಟೇ ಕಾರಣ. ಸುಡಾನ್‌ನವರದು ಸಣ್ಣ ಹಸಿವು ಅಂತಲ್ಲ. ಅವರ ಪಾಲು ಅಂತ ಒಂದಿಷ್ಟು ಬೇರೆ ತೆಗೆಯಲೇಬೇಕು, ಕಳಿಸುವ ದಾರಿ ವಿಚಾರಿಸಲೇಬೇಕು.

ಹೋದ ತಿಂಗಳಿಂದ ಮಗಳ ಟ್ಯೂಷನ್ ಫೀ ಬರೆಯುವ ಡೈರಿಯಲ್ಲಿ ಇದಕ್ಕೂ ಒಂದು ಸಾಲು ಬಿಟ್ಟಿದ್ದೇನೆ. ಎಷ್ಟು ಅಂತ ಗೊತ್ತಾಗದೆ ಎರಡು ಸಲ ಹೊಡೆದು ಹಾಕಿದ್ದೇನೆ. ಒಂದನೇ ತಾರೀಖು ರಾತ್ರಿ ಫೋನ್ ಮಾಡುತ್ತೇನೆ, ಇಬ್ಬರೂ ಸೇರಿ ಲೆಕ್ಕ ಹಾಕೋಣ. ಅಷ್ಟರೊಳಗೆ ಆ ವಿಡಿಯೋ ಮತ್ತೆ ಹುಡುಕಿ ನೋಡಬೇಡ.

ಅವ್ವ ಕೇಳುತ್ತಿದ್ದಳು, ಈ ಸಲ ಜಾತ್ರೆಗಾದರೂ ಬರುತ್ತಾನಾ ಅಂತ.

ನಿನ್ನ ಗೆಳೆಯ