ಕಾಫಿ ಗಿಡ ಕೀಳಿಸುವ ಮೊದಲು

ಉಟ್ರೆಕ್ಟ್, ನೆದರ್ಲ್ಯಾಂಡ್ಸ್
ನವೆಂಬರ್ 12

ತೀರ್ಥರೂಪರಾದ ಅಪ್ಪನಿಗೆ ಮತ್ತು ಅಮ್ಮನಿಗೆ ನಮಸ್ಕಾರಗಳು. ನಾನು ಕ್ಷೇಮ. ಇಲ್ಲಿ ಚಳಿ ಶುರುವಾಗಿದೆ. ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ಇನ್ನೂ ಅರ್ಧ ಜಾಡಿ ಉಳಿದಿದೆ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅಡಿಕೆಯ ಎಲೆಚುಕ್ಕಿ ರೋಗ ಮೇಲಿನ ತೋಟಕ್ಕೂ ಹತ್ತಿದೆಯೆಂಬುದಕ್ಕಿಂತ, ಚಿಕ್ಕಪ್ಪನ ಮೊಬೈಲಿಗೆ ಬಂದ ಸುದ್ದಿ ನೋಡಿ ಎಲೆಚುಕ್ಕಿ ತರುವುದು ಕಾಫಿಯ ರೋಗವೇ ಎಂದು ನಂಬಿ ಅಡಿಕೆಯ ನಡುವಿನ ಕಾಫಿ ಗಿಡಗಳನ್ನೆಲ್ಲ ಕೀಳಿಸಲು ಆಳು ಗೊತ್ತುಮಾಡಿದ್ದೀರೆಂಬುದೇ ನನಗೆ ಹೆಚ್ಚು ಗಾಬರಿ ಹುಟ್ಟಿಸಿತು. ನನ್ನ ಓದಿಗೆಂದು ಸೊಸೈಟಿಯಲ್ಲಿ ಎತ್ತಿದ ಸಾಲ ಇನ್ನೂ ತೀರಿಲ್ಲ. ಅಡಿಕೆ ಕೈಕೊಟ್ಟ ವರ್ಷವೇ ಕಾಫಿಯನ್ನೂ ನಾವಾಗಿ ಕಿತ್ತುಹಾಕಿದರೆ ಕಂತಿಗೆ ಏನು ಮಾಡುತ್ತೀರಿ? ದಯವಿಟ್ಟು ಆಳುಗಳಿಗೆ ಬರಬೇಡಿರೆಂದು ಇಂದೇ ಹೇಳಿಕಳಿಸಿ. ಆ ಸುದ್ದಿ ನೋಡಿ ಕಾಫಿಗೆ ಹೆದರಬೇಕಿಲ್ಲ.

ಚಿಕ್ಕಪ್ಪ ಕಳಿಸಿದ ಸಂದೇಶದಲ್ಲಿ ಅಡಿಕೆಯ ಎಲೆಯಲ್ಲಿ ಸಿಕ್ಕಿತೆಂದು ಬರೆದಿರುವ ಶಿಲೀಂಧ್ರದ ಹೆಸರು ‘ಕೊಲೆಟೋಟ್ರೈಕಮ್ ಕಹಾವೆ, ಉಪಪ್ರಭೇದ ಸಿಗಾರೊ’ ಎಂದು. ಅವರು ಮೊದಲೆರಡು ಪದ ಓದಿ ಉಳಿದದ್ದನ್ನು ಬಿಟ್ಟಿದ್ದಾರೆ. ಕಹಾವಾ ಎಂದರೆ ಸ್ವಾಹಿಲಿಯಲ್ಲಿ ಕಾಫಿ. ಆಫ್ರಿಕದಲ್ಲಿ ಕಾಫಿಯ ಹಸಿರು ಕಾಯಿಯನ್ನೇ ಕೊಳೆಸಿಬಿಡುವ ಶಿಲೀಂಧ್ರಕ್ಕೆ 1993ರಲ್ಲಿ ಆ ಹೆಸರಿಟ್ಟರು. ಅದಕ್ಕೆ ಅತಿ ಹತ್ತಿರದ್ದಾದರೂ ಆ ಕಾಯಿರೋಗವನ್ನು ತರದ ಬಳಗವೊಂದನ್ನು 2012ರಲ್ಲಿ ಸಿಗಾರೊ ಎಂದು ಬೇರೆಮಾಡಿದರು. ಈಚೆಗೆ ಅದನ್ನು ಸ್ವತಂತ್ರ ಪ್ರಭೇದವೆಂದೇ ಎಣಿಸುವವರಿದ್ದಾರೆ. ಕಾಯಿ ಕೊಳೆಸುವುದು ಇಂದಿಗೂ ಆಫ್ರಿಕದಲ್ಲೇ ಇದೆ. ಆದ್ದರಿಂದ ಸಂದೇಶದ ಹೆಸರು ಸರಿಯೆಂದೇ ಇಟ್ಟುಕೊಂಡರೂ, ಅದನ್ನು ನೋಡಿ ಕಾಫಿ ಕೀಳುವುದೆಂದರೆ ಕೆಳಗಿನಮನೆ ಭಟ್ಟರ ಸಾಲವನ್ನು ಮೇಲಿನಮನೆ ಭಟ್ಟರಿಂದ ವಸೂಲು ಮಾಡಿದಂತೆ.

ಇಷ್ಟು ಗೊಂದಲ ಯಾಕೆಂದರೆ ಈ ಜೀವಿಗಳನ್ನು ಕಣ್ಣಿನಿಂದ ಗುರುತಿಸಲು ಆಗುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಬಳಗದ ಎಲ್ಲದರ ಬೀಜಕಣಗಳೂ ಎರಡು ತುದಿ ಉರುಟಾದ ಪುಟ್ಟ ಕೊಳವೆಗಳು. ಹಿಂದೆ ಯಾವ ಗಿಡದ ಮೇಲೆ ಸಿಕ್ಕಿತೋ ಆ ಗಿಡಕ್ಕೊಂದು ಹೆಸರು ಕೊಡುತ್ತಿದ್ದರು. 1957ರಲ್ಲಿ ಫೊನ್ ಆರ್ಕ್ಸ್ ಎಂಬ ಶಿಲೀಂಧ್ರ ವಿಜ್ಞಾನಿ, ಆಕಾರ ಒಂದೇ ಆಗಿರುವಾಗ ಹೆಸರೇಕೆ ಇಷ್ಟು ಎಂದು ಕೊಲೆಟೋಟ್ರೈಕಮ್ ಕುಲದ ಸುಮಾರು 750 ಹೆಸರುಗಳನ್ನು 11ಕ್ಕೆ ಇಳಿಸಿದರು; ಅದರಲ್ಲಿ 600ರಷ್ಟು ಗ್ಲಿಯೊಸ್ಪೊರಿಯಾಯ್ಡಿಸ್ ಎಂಬ ಒಂದೇ ಹೆಸರಿನ ಹೊಟ್ಟೆಗೆ ಹೋದವು. ಮುಂದೆ ಅವರೇ ನಾನಿರುವ ಈ ಶಿಲೀಂಧ್ರ ಸಂಸ್ಥೆಯ ನಿರ್ದೇಶಕರಾದರು. ಜೀನುಗಳನ್ನು ಓದುವ ಕಾಲ ಬಂದಮೇಲೆ ಒಟ್ಟು ಕುಟುಂಬ ಮತ್ತೆ ಹಿಸೆಯಾಯಿತು: 2012ರಲ್ಲಿ ಆ ಒಂದು ಬಳಗದೊಳಗೇ 22 ಪ್ರಭೇದಗಳನ್ನು ಗುರುತಿಸಿದರು, ಕಹಾವೆಯೂ ಅವುಗಳಲ್ಲೊಂದು.

ಹಾಗಾದರೆ ನಿಜವಾದ ಗ್ಲಿಯೊಸ್ಪೊರಿಯಾಯ್ಡಿಸ್ ಯಾವುದು ಎಂದು ನೀವು ಕೇಳುತ್ತೀರಿ, ನನಗೆ ಗೊತ್ತು. ಹೆಸರು ಯಾವ ಮಾದರಿಗೆ ಅಂಟಿದೆಯೋ ಅದೇ ನಿಜವಾದದ್ದು, ಉಳಿದದ್ದನ್ನೆಲ್ಲ ಅದರ ಪಕ್ಕ ಇಟ್ಟು ಹೋಲಿಸಬೇಕು. 1882ರಲ್ಲಿ ಇಟ್ಟ ಹೆಸರಿಗೆ ಜೀವಂತ ಮಾದರಿ ಇರಲಿಲ್ಲವಾದ್ದರಿಂದ 2008ರಲ್ಲಿ ಇಟಲಿಯ ಕಿತ್ತಳೆ ಗಿಡದಿಂದ ಬೇರ್ಪಡಿಸಿದ ಒಂದನ್ನು ಆರಿಸಿದರು. ಅದು ನಂಬರು ಹಚ್ಚಿಸಿಕೊಂಡು ನಮ್ಮಲ್ಲೇ ಇದೆ. ಹೋದ ತಿಂಗಳು ತಟ್ಟೆಯಲ್ಲಿ ಬೆಳೆಸಿ ನೋಡಿದೆ: ಹತ್ತಿ ಹಿಂಜಿದಂತೆ ಬೂದುಬಿಳುಪು, ನಡುನಡುವೆ ಕಿತ್ತಳೆ ಬಣ್ಣದ ಅಂಟುಹನಿ. ಹಪ್ಪಳಕ್ಕೆ ಬೂಷ್ಟು ಬಂದರೆ ಅಮ್ಮ ದೂರ ಎಸೆಯುತ್ತಾಳೆ. ಇಲ್ಲಿಯವರು 1904ರಿಂದ ಒಂದು ಲಕ್ಷಕ್ಕೂ ಮಿಕ್ಕಿ ಬೂಷ್ಟುಗಳನ್ನು ಲಾಕರಿನ ಒಡವೆಯಂತೆ ಕಾಪಾಡಿಕೊಂಡು ಬಂದಿದ್ದಾರೆ. ನಗಬೇಡಿ, ಲೋಕದ ಎಲ್ಲ ಕಡೆಯಿಂದ ಕೇಳಿಕೊಂಡು ಬರುತ್ತಾರೆ. ಇದನ್ನು ಹೀಗೆ ಬೆಳೆಸಿದ ಯೊಹಾನ್ನಾ ವೆಸ್ಟರ್‌ಡೈಕ್ ಈ ದೇಶದ ಮೊದಲ ಮಹಿಳಾ ಪ್ರೊಫೆಸರ್, 1917ರಲ್ಲಿ. ಪುಟ್ಟಿಗೆ ಹೇಳಿ.

ಇನ್ನು, ಕಾಯಿ ಕೊಳೆಸುವುದು ಯಾವುದು, ಸಿಗಾರೊ ಯಾವುದು ಎಂದು ತಿಳಿಯುವ ಬಗೆ. ಶಿಲೀಂಧ್ರಗಳಿಗೆಲ್ಲ ಬಳಸುವ ಐಟಿಎಸ್ ಎಂಬ ಡಿಎನ್‌ಎ ಬಾರ್‌ಕೋಡ್ ಈ ಬಳಗದಲ್ಲಿ ಸಾಲದು. ಬೇರೆ ಜೀನುಗಳನ್ನೂ, ಮುಖ್ಯವಾಗಿ ಗ್ಲುಟಮಿನ್ ಸಿಂಥೆಟೇಸ್ ಜೀನನ್ನು, ಓದಬೇಕು. ಹಳೆಯ ಪರೀಕ್ಷೆಯೊಂದೂ ಇದೆ, ನನಗೆ ಅದೇ ಇಷ್ಟ: ತಿನ್ನಲು ನಿಂಬೆಹುಳಿಯ ಲವಣವಾದ ಸಿಟ್ರೇಟ್ ಅಥವಾ ಹುಣಸೆಹುಳಿಯ ಲವಣವಾದ ಟಾರ್ಟ್ರೇಟ್ ಮಾತ್ರ ಕೊಟ್ಟರೆ ಆಫ್ರಿಕದ್ದು ಬೆಳೆಯುವುದಿಲ್ಲ, ಸಿಗಾರೊ ಎರಡರಲ್ಲಿ ಒಂದನ್ನಾದರೂ ತಿಂದು ಬೆಳೆಯುತ್ತದೆ. ಕೊನೆಗೆ ಹಸಿರು ಕಾಫಿ ಕಾಯಿಗೇ ಹಚ್ಚಿ ನೋಡುವುದಂತೂ ಇದ್ದೇ ಇದೆ.

ನೀವು ಕಳಿಸಿದ ಫೋಟೊ ನೋಡಿದೆ. ಸೋಗೆಯ ಮೇಲೆ ಕಂದು ಅಂಚಿನ ಚುಕ್ಕೆ, ಸುತ್ತ ಹಳದಿ ಬಳೆ, ಪಕ್ಕದಲ್ಲಿ ಸುಣ್ಣ ಹತ್ತಿದ ನಿಮ್ಮ ಹೆಬ್ಬೆರಳು. ಫೋಟೊ ನೋಡಿ ಹೆಸರು ಹೇಳುವಷ್ಟು ಜಾಣ ನಾನಲ್ಲ, ಯಾರೂ ಅಲ್ಲ. ಚಿಕ್ಕಪ್ಪ ಎಲೆಯನ್ನೇ ಕವರಿನಲ್ಲಿ ಹಾಕಿ ಇಲ್ಲಿಗೆ ಕಳಿಸುತ್ತೇನೆಂದಿದ್ದಾರಂತೆ, ಖಂಡಿತ ಬೇಡ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಚೆನ್ನೈಯ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಒಪ್ಪದೆ ಹಾಗೆ ಕಳಿಸುವಂತಿಲ್ಲ, ಇಲ್ಲಿಯ ಸಸ್ಯರೋಗ ತಪಾಸಣೆಯವರೂ ಬಿಡುವುದಿಲ್ಲ, ನನ್ನ ಕೆಲಸಕ್ಕೇ ಕುತ್ತು. ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಕ್ಕೋ ವಿಟ್ಲದಲ್ಲಿರುವ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಗೋ ಕೊಡಿ. ಪೂರ್ತಿ ಒಣಗಿದ್ದನ್ನು ಕೊಯ್ಯಬೇಡಿ. ಚುಕ್ಕೆಯೂ ಹಸಿರೂ ಕೂಡುವ ಅಂಚು ಇರಲಿ, ಜೀವ ಇರುವುದು ಅಲ್ಲಿ. ಪ್ಲಾಸ್ಟಿಕ್ ಬೇಡ, ಕಾಗದದಲ್ಲಿ ಸುತ್ತಿ.

ಮತ್ತೊಂದು ಮಾತು. ಅಡಿಕೆಯ ಕೊಳೆರೋಗಕ್ಕೆ ತಂದ ಮೆಟಲಾಕ್ಸಿಲ್ ಔಷಧವೇ ಎಲೆಚುಕ್ಕಿಗೂ ಸಾಕೆಂದು ಬರೆದಿದ್ದೀರಿ. 1910ರ ಸುಮಾರಿಗೆ ಮೈಸೂರಿನಲ್ಲಿದ್ದ ಸಸ್ಯರೋಗ ತಜ್ಞ ಕೋಲ್ಮನ್ ಸಾಹೇಬರು ಹೆಸರಿಟ್ಟ ಆ ಕೊಳೆರೋಗದ ಫೈಟಾಫ್ತೊರ ನಿಜವಾದ ಶಿಲೀಂಧ್ರವೇ ಅಲ್ಲ, ಕಡಲಿನ ಕಂದು ಪಾಚಿಯ ಕಡೆಯ ನೆಂಟ. ಮೆಟಲಾಕ್ಸಿಲ್ ಅದಕ್ಕೆ ತಾಗುತ್ತದೆ, ಎಲೆಚುಕ್ಕಿಯದಕ್ಕೆ ತಾಗುವುದಿಲ್ಲ. ಪರೀಕ್ಷೆ ಮಾಡಿದವರನ್ನೇ ಕೇಳಿ ಹೊಡೆಸಿ.

ಈ ತಿಂಗಳ ಹಣ ಸೋಮವಾರ ಕಳಿಸುತ್ತೇನೆ, ಸ್ವಲ್ಪ ಹೆಚ್ಚೇ. ನನಗೆ ಇಲ್ಲಿ ಖರ್ಚೇ ಇಲ್ಲ, ನಿಜವಾಗಿಯೂ ಇಲ್ಲ. ಮಧ್ಯಾಹ್ನ ಇಲ್ಲಿಯವರಂತೆ ಬ್ರೆಡ್ಡಿಗೆ ಚಾಕೊಲೇಟ್ ಕಾಳು ಉದುರಿಸಿಕೊಂಡು ತಿಂದರೆ ಊಟ ಮುಗಿಯಿತು, ರುಚಿಯಾಗಿಯೇ ಇರುತ್ತದೆ. ತೋಟಕ್ಕೆ ಏನೂ ಆಗುವುದಿಲ್ಲ. ಮದ್ದು ಹೊಡೆಯಲು ನೀವೇ ಮರ ಹತ್ತಬೇಡಿ, ಕೊನೆಗಾರನನ್ನೇ ಕಾಯಿರಿ.

ಐದಕ್ಕೆ ಪ್ರಯೋಗಾಲಯದ ಬಾಗಿಲು ಹಾಕುತ್ತಾರೆ, ತಟ್ಟೆಗಳನ್ನು ಬದಲಿಸುವುದು ಬಾಕಿ ಇದೆ. ಉಳಿದದ್ದು ಭಾನುವಾರ ಫೋನಿನಲ್ಲಿ. ಆಳುಗಳಿಗೆ ಹೇಳಿದಿರೋ ಇಲ್ಲವೋ ಎಂದು ಪುಟ್ಟಿಯ ಕೈಯಲ್ಲಿ ಇವತ್ತೇ ಮೆಸೇಜ್ ಹಾಕಿಸಿ.

ನಿಮ್ಮ,
ಅಪ್ಪಿ